ಕೆಂಪು ಕಣಿವೆಗಳ ನಾಡಿನಲ್ಲಿ ಎಂಟು ದಿನ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು 2004ರ ಎಸ್ಸೆಸ್ಸೆಲ್ಸಿ ಬ್ಯಾಚಿನವನು. ಆಮೇಲೆ ಹುಬ್ಬಳ್ಳಿಯಲ್ಲಿ ಬಿ.ಇ. ಮುಗಿಸಿ, ಬೆಂಗಳೂರಿನಲ್ಲಿ ಕೆಲವು ವರ್ಷ ದುಡಿದು, ಈಗ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೇನೆ. ಸಮಿತಿಯವರು ಫೋನ್ ಮಾಡಿ, "ನೀವು ಅಮೆರಿಕದ ಅನುಭವ ಹೇಳ್ರಿ, ಮಕ್ಕಳಿಗೆ ಸ್ಫೂರ್ತಿ ಆಗಬೇಕು" ಎಂದರು. ಸ್ಫೂರ್ತಿ ಕೊಡುವಂಥ ದೊಡ್ಡ ಕೆಲಸವನ್ನು ನಾನು ಮಾಡಿಲ್ಲ. ಆದರೆ ಎರಡು ವರ್ಷದ ಹಿಂದೆ ಮನೆಯವರೆಲ್ಲ ಸೇರಿ ಒಂದು ಪ್ರವಾಸ ಹೋಗಿದ್ದೆವು. ಆ ಪ್ರವಾಸದಲ್ಲಿ ನಾನೊಂದು ದೊಡ್ಡ ತಪ್ಪು ಮಾಡಿದೆ. ಆ ತಪ್ಪಿಗೂ ಈ ಶಾಲೆಗೂ ಸಂಬಂಧವಿದೆ. ಅದನ್ನೇ ಹೇಳುತ್ತೇನೆ. ಮೂರನೇ ಸಾಲಿನಲ್ಲಿ ರುಮಾಲು ಸುತ್ತಿಕೊಂಡು ಕುಳಿತಿರುವವರು ನಮ್ಮಪ್ಪ. ಅವರ ಒಪ್ಪಿಗೆ ಕೇಳಿಯೇ ಬಂದಿದ್ದೇನೆ. "ಹೇಳು, ಆದ್ರ ಉದ್ದ ಮಾಡಬ್ಯಾಡ" ಎಂದಿದ್ದಾರೆ.

ಆ ವರ್ಷ ಅಪ್ಪ, ಅವ್ವ ಮೊದಲ ಸಲ ನಮ್ಮಲ್ಲಿಗೆ ಬಂದಿದ್ದರು. ಬಂದು ತಿಂಗಳಾಗುವಷ್ಟರಲ್ಲಿ ಅಪ್ಪನಿಗೆ ಮನೆಯೊಳಗೆ ಕೂತು ಕೂತು ಬೇಸರ ಬಂದಿತ್ತು. "ಇಲ್ಲಿ ಬರೀ ಕಾರು ಅದಾವು, ಮಂದಿನೇ ಇಲ್ಲ" ಎನ್ನುತ್ತಿದ್ದರು. ಮಗಳಿಗೆ ಜುಲೈ ತಿಂಗಳ ಬೇಸಿಗೆ ರಜೆ. ಸರಿ ಎಂದು ಎಂಟು ದಿನದ ಪ್ರವಾಸ ಗೊತ್ತುಮಾಡಿದೆ. ವಿಮಾನದಲ್ಲಿ ಲಾಸ್ ವೇಗಸ್ಸಿಗೆ ಹೋಗಿ, ಅಲ್ಲಿ ಏಳು ಸೀಟಿನ ಬಾಡಿಗೆ ವ್ಯಾನು ಹಿಡಿದು, ಯೂಟಾ ರಾಜ್ಯದ ಝಯಾನ್, ಬ್ರೈಸ್ ನೋಡಿಕೊಂಡು, ಅರಿಝೋನಾದ ಪೇಜ್ ಎಂಬ ಊರಿನ ಮೂಲಕ ಗ್ರ್ಯಾಂಡ್ ಕ್ಯಾನಿಯನ್ ತಲುಪುವುದು. ನಾನು, ನನ್ನ ಹೆಂಡತಿ, ಒಂಬತ್ತು ವರ್ಷದ ಮಗಳು, ಅಪ್ಪ, ಅವ್ವ, ಹೀಗೆ ಐದು ಮಂದಿ. ಯಾವ ದಿನ ಎಷ್ಟು ಗಂಟೆಗೆ ಎಲ್ಲಿರಬೇಕು ಎಂದು ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿ ಅಚ್ಚು ತೆಗೆದಿದ್ದೆ. ಅವ್ವ ಮಾಡಿದ ತಯಾರಿ ಬೇರೆ: ಒಂದು ಡಬ್ಬಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಉಪ್ಪಿನಕಾಯಿ. ಕೊನೆಗೆ ಯಾವ ತಯಾರಿ ಉಪಯೋಗಕ್ಕೆ ಬಂತು ಎಂಬುದು ಮುಂದೆ ಗೊತ್ತಾಗುತ್ತದೆ.

ಲಾಸ್ ವೇಗಸ್ಸಿನಿಂದ ಝಯಾನಿಗೆ ಸುಮಾರು 160 ಮೈಲು. ದಾರಿಯುದ್ದಕ್ಕೂ ಮರುಭೂಮಿ. ಮರುಭೂಮಿ ಎಂದರೆ ಸಿನಿಮಾದಲ್ಲಿ ಕಾಣುವ ಮರಳಿನ ದಿಬ್ಬಗಳಲ್ಲ. ಕಲ್ಲು ನೆಲ, ಮೊಣಕಾಲೆತ್ತರದ ಬೂದು ಬಣ್ಣದ ಗಿಡಗಂಟಿ, ದೂರದಲ್ಲಿ ಕೆಂಪು ಗುಡ್ಡ. ಹೊರಗೆ ನಲವತ್ತು ಡಿಗ್ರಿ ದಾಟಿದ ಬಿಸಿಲು. ಝಯಾನ್ ಹತ್ತಿರ ಬರುತ್ತಿದ್ದಂತೆ ಎರಡೂ ಕಡೆ ಕೆಂಪು ಬಂಡೆಗಳು ಗೋಡೆಯಂತೆ ಎದ್ದು ನಿಂತವು. ಅಪ್ಪ ಕಿಟಕಿಯಿಂದ ನೋಡಿ, "ಇದು ನಮ್ಮ ಬದಾಮಿನ ಅಲ್ಲೇನು?" ಎಂದರು.

ಅದು ಸುಮ್ಮನೆ ಹೇಳಿದ ಮಾತಲ್ಲ. ನಾವು ಬಾದಾಮಿ ಗುಡ್ಡದ ಸೆರಗಿನಲ್ಲಿ ಬೆಳೆದವರು. ಬಾದಾಮಿಯ ಕಲ್ಲೂ ಮರಳುಗಲ್ಲು, ಝಯಾನಿನ ಕಲ್ಲೂ ಮರಳುಗಲ್ಲು. ಇಬ್ಬರಿಗೂ ಕೆಂಪು ಬಣ್ಣ ಬಂದಿರುವುದು ಕಲ್ಲಿನೊಳಗಿನ ಕಬ್ಬಿಣದ ತುಕ್ಕಿನಿಂದ. ಝಯಾನಿನ ಆ ಎತ್ತರದ ಗೋಡೆಗಳ ಕಲ್ಲಿಗೆ ನವಾಹೋ ಮರಳುಗಲ್ಲು ಎಂದು ಹೆಸರು. ಡೈನೋಸಾರುಗಳಿದ್ದ ಕಾಲದಲ್ಲಿ, ಸುಮಾರು 18-19 ಕೋಟಿ ವರ್ಷಗಳ ಹಿಂದೆ, ಗಾಳಿ ತಂದು ಗುಡ್ಡೆ ಹಾಕಿದ ಮರಳು ಗಟ್ಟಿಯಾಗಿ ಆದ ಕಲ್ಲು ಅದು. ನಮ್ಮ ಬಾದಾಮಿಯ ಕಲ್ಲು ಅದಕ್ಕಿಂತ ಎಷ್ಟೋ ಹಳೆಯದು, ಡೈನೋಸಾರುಗಳು ಹುಟ್ಟುವುದಕ್ಕೂ ಬಹಳ ಮೊದಲಿನದು. ಮಕ್ಕಳೇ, ಇದನ್ನು ನೆನಪಿಡಿ. ನಾವು ದಿನಾ ದನ ಕಾಯುವಾಗ ಕೂರುವ ಬಂಡೆ ಅಮೆರಿಕದವರು ಟಿಕೆಟ್ ಇಟ್ಟು ತೋರಿಸುವ ಬಂಡೆಗಿಂತ ಹಿರಿಯದು.

ಎರಡನೇ ದಿನ ಬೆಳಿಗ್ಗೆ ನ್ಯಾರೋಸ್ ಎಂಬ ಜಾಗಕ್ಕೆ ಹೋದೆವು. ಅಲ್ಲಿ ವರ್ಜಿನ್ ಎಂಬ ಹೊಳೆ ಬಂಡೆಯನ್ನು ಕೊರೆದುಕೊಂಡು ಹರಿಯುತ್ತದೆ. ಗೋಡೆಗಳು ಸಾವಿರ ಅಡಿ ಎತ್ತರ, ಕೆಲವು ಕಡೆ ನಡುವಿನ ಅಗಲ ಇಪ್ಪತ್ತು ಮೂವತ್ತು ಅಡಿ ಮಾತ್ರ. ಪಕ್ಕದಲ್ಲಿ ದಾರಿ ಇಲ್ಲ, ಹೊಳೆಯೇ ದಾರಿ. ಕೈಯಲ್ಲಿ ಬಡಿಗೆ ಹಿಡಿದು ನೀರಿನೊಳಗೆ ನಡೆಯಬೇಕು. ಮೊದಲ ಒಂದು ಮೈಲು ಸಿಮೆಂಟಿನ ಕಾಲುದಾರಿ ಇದೆ. ಅದು ಮುಗಿದಲ್ಲಿ ಮೆಟ್ಟಿಲಿಳಿದು ನೀರಿಗೆ ಕಾಲಿಡುವುದು. ಅವ್ವ, ನನ್ನ ಹೆಂಡತಿ ಮೆಟ್ಟಿಲ ಹತ್ತಿರವೇ ಕುಳಿತರು. ನಾನು, ಅಪ್ಪ, ಮಗಳು ನೀರಿಗೆ ಇಳಿದೆವು. ಮೂವರಿಗೂ ಬಾಡಿಗೆ ಬೂಟು, ಬಾಡಿಗೆ ಬಡಿಗೆ. "ಬಡಿಗಿಗೂ ಬಾಡಿಗಿ!" ಎಂದು ಅಪ್ಪ ಬೆಳಗಿನಿಂದ ನಗುತ್ತಿದ್ದರು.

ಆ ಹೊಳೆಗೆ ಬೇಸಿಗೆಯಲ್ಲಿ ಒಂದು ಅಪಾಯವಿದೆ. ಜುಲೈಯಿಂದ ಸೆಪ್ಟೆಂಬರ್ ತನಕ ಆ ಕಡೆಯೂ ಮುಂಗಾರಿನಂಥ ಮಳೆಗಾಲ. ಮಧ್ಯಾಹ್ನದ ಮೇಲೆ ಎಲ್ಲೋ ಒಂದು ಕಡೆ ಗುಡುಗಿ ಸುರಿಯುತ್ತದೆ. ಬರೀ ಬಂಡೆಯ ನೆಲ, ನೀರು ಇಂಗುವುದಿಲ್ಲ. ಬಿದ್ದ ನೀರೆಲ್ಲ ಒಮ್ಮೆಲೇ ಕಿರಿದಾದ ಕಣಿವೆಗೆ ನುಗ್ಗುತ್ತದೆ. ನೀವು ನಿಂತ ಜಾಗದಲ್ಲಿ ಹನಿ ಮಳೆ ಇಲ್ಲದಿದ್ದರೂ, ಮೈಲುಗಟ್ಟಲೆ ಮೇಲಿನ ಮಳೆಗೆ ಪ್ರವಾಹ ಬರಬಹುದು. 2015ರ ಸೆಪ್ಟೆಂಬರಿನಲ್ಲಿ ಇದೇ ಝಯಾನಿನ ಇನ್ನೊಂದು ಕಿರುಕಣಿವೆಯಲ್ಲಿ ಹೀಗೆ ಏಳು ಜನ ಸತ್ತಿದ್ದರು. ಆದ್ದರಿಂದ ಪ್ರತಿದಿನ ಬೆಳಿಗ್ಗೆ ಪ್ರವಾಹದ ಸಾಧ್ಯತೆ ಎಷ್ಟೆಂದು ಫಲಕ ಹಾಕುತ್ತಾರೆ. ಅದರಲ್ಲಿ ನಾಲ್ಕು ಹಂತ: ನಿರೀಕ್ಷೆ ಇಲ್ಲ, ಬರಬಹುದು, ಬರುವ ಸಂಭವ ಹೆಚ್ಚು, ಬಂದೇ ಬರುತ್ತದೆ. ಆ ದಿನ ಎರಡನೆಯದು, "ಬರಬಹುದು" ಎಂದಿತ್ತು. ನಾನು ಇಂಜಿನಿಯರು ನೋಡಿ, ಮನಸ್ಸಿನಲ್ಲೇ ಲೆಕ್ಕ ಹಾಕಿದೆ: ನಾಲ್ಕರಲ್ಲಿ ಎರಡನೆಯದು, ಮಧ್ಯಾಹ್ನದೊಳಗೆ ಬಂದುಬಿಡುತ್ತೇವೆ, ಏನೂ ಆಗುವುದಿಲ್ಲ. ಆದರೆ ಮಗಳ ಬೂಟಿನ ಅಳತೆ ಸಿಗದೆ, ಬಸ್ಸಿನ ಸಾಲಿನಲ್ಲಿ ನಿಂತು, ನೀರಿಗೆ ಇಳಿಯುವಾಗಲೇ ಹನ್ನೊಂದೂವರೆ ಆಗಿತ್ತು. ಲೆಕ್ಕ ಬದಲಾಗಿತ್ತು, ನಾನು ಮತ್ತೆ ಹಾಕಲಿಲ್ಲ.

ಒಳಗೆ ನಡೆಯುತ್ತ ಹೋದಂತೆ ಜಾಗ ಎಷ್ಟು ಚೆಂದವೆಂದರೆ ಹೇಳಲು ಬಾರದು. ತಲೆಯ ಮೇಲೆ ನೀಲಿ ರಿಬ್ಬನ್ನಿನಂತೆ ಆಕಾಶ. ಗೋಡೆಯಿಂದ ನೀರು ಜಿನುಗಿ ಹಸಿರು ಪಾಚಿ ಬೆಳೆದಿದೆ. ಮಗಳು ನೀರು ಚಿಮ್ಮಿಸುತ್ತ ಮುಂದೆ ಮುಂದೆ ಓಡುತ್ತಿದ್ದಳು. ಮುಕ್ಕಾಲು ಗಂಟೆ ನಡೆದಿರಬೇಕು, ಅಪ್ಪ ನಿಂತರು.

"ತಮ್ಮಾ, ಗಾಳಿ ತಣ್ಣಗಾತು. ಮ್ಯಾಲೆ ಎಲ್ಲೋ ಮಳಿ ಆಗಾಕತ್ತೇತಿ."

ನಾನು ತಲೆ ಎತ್ತಿ ನೋಡಿದೆ. ಕಂಡಷ್ಟು ಆಕಾಶ ನೀಲಿಯಾಗಿತ್ತು. "ಕಣಿವೆ ಒಳಗ ಹಂಗೇ ತಂಪು ಇರತೈತಿ ಅಪ್ಪಾ" ಎಂದು ಮುಂದೆ ನಡೆದೆ. ಇನ್ನೊಂದು ಹತ್ತು ನಿಮಿಷವಾಯಿತು. ಅಪ್ಪ ಮತ್ತೆ ನಿಂತು ಬಗ್ಗಿ, ಬೊಗಸೆಯಲ್ಲಿ ನೀರು ತೆಗೆದುಕೊಂಡು ನೋಡಿದರು. "ಆಗಿನ ನೀರಲ್ಲ ಇದು. ಬಣ್ಣ ನೋಡು. ಕಸಾ ಬರಾಕತ್ತೇತಿ ನೋಡು." ನಿಜ, ಸಣ್ಣ ಸಣ್ಣ ಕಡ್ಡಿ, ಮರದ ಎಲೆ ತೇಲಿ ಬರುತ್ತಿದ್ದವು. ನನ್ನ ಕಣ್ಣಿಗೂ ಬಿದ್ದಿದ್ದವು. ಆದರೆ ಇನ್ನು ಎರಡು ತಿರುವು ಹೋದರೆ ಒಂದು ಒಳ್ಳೆಯ ಜಾಗ ಬರುತ್ತದೆ ಎಂದು ಪಟ್ಟಿಯಲ್ಲಿ ಬರೆದುಕೊಂಡಿದ್ದೆ. ಸುತ್ತಲೂ ಹತ್ತಾರು ಜನ ನಗುನಗುತ್ತಾ ನಡೆಯುತ್ತಿದ್ದರು. ನಾನು ಸಿಟ್ಟಿನಿಂದ, ಎಲ್ಲರ ಎದುರಿಗೆ, ಜೋರಾಗಿ ಹೇಳಿದೆ: "ಅಪ್ಪಾ, ಇದು ನಿಮ್ಮ ಹಳ್ಳ ಅಲ್ಲ. ಇಲ್ಲಿ ಎಲ್ಲಾದಕ್ಕೂ ಸಿಸ್ಟಂ ಐತಿ. ನಿನಗಿಲ್ಲಿದು ತಿಳಿಯೂದಿಲ್ಲ, ಸುಮ್ಮನ ಬಾ."

ಅಪ್ಪ ಮೂರನೇ ಸಲ ಏನೂ ಹೇಳಲಿಲ್ಲ. ಸೀದಾ ನಡೆದು ಹೋಗಿ ಮೊಮ್ಮಗಳ ಕೈ ಹಿಡಿದು, ತಿರುಗಿ, ಬಂದ ದಾರಿಯಲ್ಲಿ ಹೊರಟರು. ಅವಳು "ಅಜ್ಜಾ, ಇನ್ನೊಂದು ಸ್ವಲ್ಪ" ಎಂದು ಗೋಗರೆದಳು. ಅವರು ಕೈ ಬಿಡಲಿಲ್ಲ. ನಾನು ಹಲ್ಲು ಕಚ್ಚಿಕೊಂಡು ಹಿಂದೆ ಬಂದೆ. ನಾವು ಹೊರಳಿದ್ದನ್ನು ನೋಡಿ ಇನ್ನೂ ಒಂದಿಬ್ಬರು ನೀರಿನ ಕಡೆ ನೋಡಿ ಹೊರಳಿದರು.

ಮೆಟ್ಟಿಲು ಕಾಣುವ ಹೊತ್ತಿಗೆ ಮೊಣಕಾಲಿಗಿದ್ದ ನೀರು ನನ್ನ ತೊಡೆಗೆ ಬಂದಿತ್ತು, ಚಹದ ಬಣ್ಣಕ್ಕೆ ತಿರುಗಿತ್ತು. ಕೊನೆಯ ನೂರು ಹೆಜ್ಜೆ ಮಗಳನ್ನು ನಾನು ಎತ್ತಿಕೊಂಡೆ, ಅಪ್ಪ ನನ್ನ ಅಂಗಿ ಹಿಡಿದುಕೊಂಡರು. ಮೇಲೆ ಹತ್ತಿ ಕುಳಿತ ಅರ್ಧ ಗಂಟೆಯೊಳಗೆ ಹೊಳೆ ಇಟ್ಟಂಗಿಯ ಬಣ್ಣಕ್ಕೆ ತಿರುಗಿ, ಮರದ ದಿಮ್ಮಿಗಳನ್ನು ಹೊತ್ತು ಗುಡುಗುಟ್ಟುತ್ತ ಹರಿಯಿತು. ನಾವು ಇಳಿದ ಮೆಟ್ಟಿಲುಗಳೇ ಕಾಣಲಿಲ್ಲ. ಅರಣ್ಯದವರು ಬಂದು ದಾರಿ ಮುಚ್ಚಿದರು. ಒಳಗಿದ್ದವರು ಎತ್ತರದ ಜಾಗ ಹತ್ತಿ ಕುಳಿತು, ಸಂಜೆ ನೀರು ಇಳಿದ ಮೇಲೆ ಬಂದರು. ಆ ದಿನ ಯಾರಿಗೂ ಏನೂ ಆಗಲಿಲ್ಲ. ಆದರೆ ಒಂಬತ್ತು ವರ್ಷದ ಮಗುವನ್ನು ಹಿಡಿದುಕೊಂಡು ಆ ಗೋಡೆಗಳ ನಡುವೆ ನಾನಿದ್ದಿದ್ದರೆ ಎಂಬುದನ್ನು ನೆನೆದರೆ ಇವತ್ತಿಗೂ ಅಂಗೈ ಬೆವರುತ್ತದೆ.

ಆ ರಾತ್ರಿ ಹೋಟೆಲಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ನನ್ನ ಹೆಂಡತಿ ಮಾತ್ರ, "ಮಾವಾರಿಗೆ ಒಂದು ಮಾತು ಹೇಳ್ರಿ" ಎಂದಳು. ನನಗೆ ಬಾಯಿ ಬರಲಿಲ್ಲ.

ಮರುದಿನ ಬ್ರೈಸ್ ಕ್ಯಾನಿಯನ್. ಹೆಸರು ಕ್ಯಾನಿಯನ್ ಎಂದಿದ್ದರೂ ಅದು ನದಿ ಕೊರೆದ ಕಣಿವೆಯಲ್ಲ. ಎಂಟು ಸಾವಿರ ಅಡಿಗೂ ಎತ್ತರದ ಗುಡ್ಡದ ಅಂಚು. ವರ್ಷದ ಅರ್ಧದಷ್ಟು ದಿನ ಅಲ್ಲಿ ಹಗಲು ಮಂಜುಗಡ್ಡೆ ಕರಗಿ ನೀರು ಕಲ್ಲಿನ ಬಿರುಕಿಗೆ ಇಳಿಯುತ್ತದೆ, ರಾತ್ರಿ ಹೆಪ್ಪುಗಟ್ಟಿ ಹಿಗ್ಗಿ ಕಲ್ಲನ್ನು ಸೀಳುತ್ತದೆ. ಹೀಗೆ ಸೀಳಿ ಸೀಳಿ ಸಾವಿರಾರು ಕಲ್ಲಿನ ಕಂಬಗಳು ಜನರಂತೆ ನಿಂತಿವೆ. ಆ ಭಾಗದ ಮೂಲನಿವಾಸಿಗಳಾದ ಪೈಯೂಟ್ ಜನರ ಕತೆಯ ಪ್ರಕಾರ, ಅವೆಲ್ಲ ತಪ್ಪು ಮಾಡಿ ಶಾಪದಿಂದ ಕಲ್ಲಾದವರು. ನಾನು ಇದನ್ನು ಅವ್ವನಿಗೆ ಹೇಳಿದೆ. ಅವ್ವ, "ನಮ್ಮ ಅಹಲ್ಯಾನ ಹಂಗ. ಪಾಪ, ಇಷ್ಟು ಮಂದಿಗೆ ಯಾವ ರಾಮ ಬರಬೇಕು" ಎಂದು ಬಹಳ ಹೊತ್ತು ಆ ಕಂಬಗಳನ್ನು ನೋಡುತ್ತ ನಿಂತಳು.

ಆ ರಾತ್ರಿ ಕಾನಾಬ್ ಎಂಬ ಸಣ್ಣ ಊರಿನಲ್ಲಿ ಉಳಿದೆವು. ಮರುದಿನ ಬೆಳಿಗ್ಗೆ ಹತ್ತಕ್ಕೆ ಪೇಜ್ ಊರಿನ ಹತ್ತಿರದ ಆಂಟಲೋಪ್ ಕ್ಯಾನಿಯನ್ನಿಗೆ ಟಿಕೆಟ್ ಇತ್ತು. ಹೊರಡುವಾಗಲೇ ತಡವಾಗಿತ್ತು. ದಾರಿಯುದ್ದಕ್ಕೂ ನಾನು ಎಲ್ಲರನ್ನೂ ಗದರುತ್ತ ಗಾಡಿ ಓಡಿಸಿದೆ. ಹತ್ತು ಗಂಟೆ ಐದು ನಿಮಿಷಕ್ಕೆ ಓಡಿಹೋಗಿ ಕೌಂಟರಿನಲ್ಲಿ ಕ್ಷಮಿಸಿ ಎಂದರೆ, ಆ ಹುಡುಗಿ ಗೋಡೆಯ ಗಡಿಯಾರ ತೋರಿಸಿ ನಕ್ಕಳು. ಒಂಬತ್ತು ಗಂಟೆ ಐದು ನಿಮಿಷ! ಯೂಟಾದವರು ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಇಡುತ್ತಾರೆ, ಅರಿಝೋನಾದವರು ಇಡುವುದಿಲ್ಲ. ಅರಿಝೋನಾದೊಳಗೇ ಇರುವ ನವಾಹೋ ಜನರ ನಾಡಿನಲ್ಲಿ ಮತ್ತೆ ಇಡುತ್ತಾರೆ. ಆ ನಾಡಿನ ನಡುವೆ ಇರುವ ಹೋಪಿ ಜನರ ನಾಡಿನಲ್ಲಿ ಇಡುವುದಿಲ್ಲ. ಪೇಜ್ ಊರಿನವರು ಅರಿಝೋನಾದ ವೇಳೆಯನ್ನೇ ಹಿಡಿದು ನಡೆಯುತ್ತಾರೆ. ಬೇರೆ ಬೇರೆ ದೇಶಗಳ ವೇಳೆಯನ್ನು ತಾಳೆ ಹಾಕುವ ಪ್ರೋಗ್ರಾಂ ಬರೆಯುವುದೇ ನನ್ನ ಕೆಲಸ. ಇದು ಗೊತ್ತಿದ್ದ ಮಗಳು, "ಪಪ್ಪಾ, ಇದು ನಿಮ್ಮ ಸಬ್ಜೆಕ್ಟ್ ಅಲ್ವಾ?" ಎಂದಳು. ಎರಡು ದಿನದ ಮೇಲೆ ಮೊದಲ ಸಲ ಎಲ್ಲರೂ ನಕ್ಕರು. ಅಪ್ಪನೂ ನಕ್ಕರು.

ಆಂಟಲೋಪ್ ಕ್ಯಾನಿಯನ್ ಇರುವುದು ನವಾಹೋ ಜನರ ನೆಲದಲ್ಲಿ. ಅವರ ಮಾರ್ಗದರ್ಶಕರಿಲ್ಲದೆ ಯಾರೂ ಒಳಗೆ ಹೋಗುವಂತಿಲ್ಲ. ಹೊರಗಿನಿಂದ ನೋಡಿದರೆ ಬಂಡೆಯಲ್ಲೊಂದು ಬಿರುಕು, ಅಷ್ಟೇ. ಒಳಗೆ ಹೋದರೆ ಕಲ್ಲು ರೇಷ್ಮೆ ಸೀರೆಯ ಮಡಿಕೆಯಂತೆ ಬಳುಕಿದೆ, ಮೇಲಿನಿಂದ ಬೆಳಕು ಕೋಲಿನಂತೆ ಇಳಿಯುತ್ತದೆ. ನವಾಹೋ ಮಾತಿನಲ್ಲಿ ಆ ಜಾಗದ ಹೆಸರಿನ ಅರ್ಥ ಕಲ್ಲಿನೊಳಗಿಂದ ನೀರು ಹರಿಯುವ ಜಾಗ ಎಂದು. ಆ ಚೆಲುವನ್ನು ಮಾಡಿದ್ದೇ ಪ್ರವಾಹ. ನಮ್ಮ ಮಾರ್ಗದರ್ಶಕ, ನನ್ನದೇ ವಯಸ್ಸಿನ ಒಬ್ಬ ನವಾಹೋ ಯುವಕ, ಅದನ್ನು ಮುಚ್ಚಿಡದೆ ಹೇಳಿದ. 1997ರ ಆಗಸ್ಟ್ 12ರಂದು ಇದೇ ಕಣಿವೆಯ ಕೆಳಭಾಗದಲ್ಲಿ 11 ಜನ ಪ್ರವಾಸಿಗರು ಕೊಚ್ಚಿಹೋದರು. ಮಳೆ ಬಿದ್ದದ್ದು ಮೈಲುಗಟ್ಟಲೆ ದೂರದಲ್ಲಿ.

ಅಪ್ಪ ನನ್ನ ಭುಜ ತಟ್ಟಿ, "ಇವರಿಗೆ ಮಳಿ ಬರೂದು ಹೆಂಗ ತಿಳೀತೈತಿ ಕೇಳು" ಎಂದರು. ಕೇಳಿದೆ. ಅವನು, "ಹವಾಮಾನದವರ ಸೂಚನೆ ಬರುತ್ತದೆ, ರೇಡಿಯೋ ಇದೆ, ನಾವೂ ಆಕಾಶ ನೋಡುತ್ತಿರುತ್ತೇವೆ. ಅನುಮಾನ ಬಂದರೆ ಮುಚ್ಚಿಬಿಡುತ್ತೇವೆ, ಹಣ ವಾಪಸ್ ಕೊಡುತ್ತೇವೆ" ಎಂದ. ಕನ್ನಡದಲ್ಲಿ ಹೇಳಿದೆ. ಅಪ್ಪ ಒಂದು ಕ್ಷಣ ಯೋಚಿಸಿ, "ರೊಕ್ಕ ತಿರುಗಿ ಕೊಡತಾರಂತ? ಹಂಗಾರ ಇವರನ್ನ ನಂಬಬಹುದು" ಎಂದರು. ಆ ಯುವಕ ತನ್ನ ಜೊತೆಯವನೊಡನೆ ನವಾಹೋ ಮಾತಾಡುತ್ತಿದ್ದ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಗುಪ್ತಸಂದೇಶ ಕಳಿಸಲು ಬಳಸಿದ ಭಾಷೆ ಅದು. ಅದನ್ನು ಆಧರಿಸಿ ಮಾಡಿದ ಸಂಕೇತವನ್ನು ಜಪಾನಿನವರಿಗೆ ಬಿಡಿಸಲು ಆಗಲಿಲ್ಲ. ಕನ್ನಡ ಮಾಧ್ಯಮದಲ್ಲಿ ಓದುತ್ತೇವೆ ಎಂದು ಸಂಕೋಚಪಡುವ ಮಕ್ಕಳು ಇದನ್ನೂ ನೆನಪಿಡಬೇಕು.

ಅದೇ ಸಂಜೆ ಹಾರ್ಸ್‌ಶೂ ಬೆಂಡ್ ಎಂಬಲ್ಲಿ ನಿಂತಿದ್ದೆವು. ಸಾವಿರ ಅಡಿ ಕೆಳಗೆ ಕೊಲೊರಾಡೋ ನದಿ ಕುದುರೆ ಲಾಳದಂತೆ ಬಾಗಿ ಹರಿಯುತ್ತದೆ. ಉಳಿದವರು ಫೋಟೋ ತೆಗೆಯುತ್ತಿದ್ದರು. ಅಪ್ಪ ಒಂದು ಕಲ್ಲಿನ ಮೇಲೆ ಕುಳಿತಿದ್ದರು. ಹತ್ತಿರ ಹೋಗಿ ಹೇಳಿದೆ: "ಅಪ್ಪಾ, ಅವತ್ತು ನಾ ಹಂಗ ಅನಬಾರದಿತ್ತು."

ಅಪ್ಪ ನದಿಯ ಕಡೆಯೇ ನೋಡುತ್ತ ಹೇಳಿದ ಮಾತು ನಾನು ಅದುವರೆಗೆ ಕೇಳಿರದ ಮಾತು. 2009ರ ಅಕ್ಟೋಬರಿನ ಮಹಾಪೂರ ನಿಮಗೆಲ್ಲ ನೆನಪಿದೆ. ಮಲಪ್ರಭೆ ಊರೂರುಗಳನ್ನೇ ನುಂಗಿದ ವರ್ಷ. ನಾನಾಗ ಹುಬ್ಬಳ್ಳಿ ಹಾಸ್ಟೆಲ್ಲಿನಲ್ಲಿದ್ದೆ. ನಮ್ಮ ಮನೆಯ ಹಿಂದಿನ ಗೋಡೆ ಬಿತ್ತು, ಎರಡು ಎಮ್ಮೆ ಹೋದವು ಎಂದಷ್ಟೇ ಫೋನಿನಲ್ಲಿ ಕೇಳಿದ್ದೆ. ಅಪ್ಪ ಹೇಳಿದರು: "ಅವತ್ತು ಸಂಜೀಕ ಕುರಿ ಕಾಯಾಂವ ಒಬ್ಬ ಬಂದು, ಮಾವಾ, ಇವತ್ತ ನೀರು ದಾರಿ ಬಿಟ್ಟು ಬರತೈತಿ, ದನಾ ಬಿಚ್ಚು ಅಂದ. ನನ್ನ ಮಗನ ವಯಸ್ಸಿನ ಹುಡುಗ. ನಾ, ನಿನಗೇನ ತಿಳೀತೈತಿ, ಈ ಹೊಳಿ ದಂಡಿಗೆ ಹುಟ್ಟಿದಾಂವ ನಾನು ಅಂದೆ. ಬೆಳಗಾಗೂದರಾಗ ಎಮ್ಮಿ ಇರಲಿಲ್ಲ. ಆ ಹುಡುಗ ಆಮ್ಯಾಲೆ ಸಿಕ್ಕಾಗ ಒಂದು ಮಾತೂ ಆಡಲಿಲ್ಲ. ಅದಕ್ಕ ನಾ ನಿನಗೂ ಏನೂ ಅನಲಿಲ್ಲ."

ನಾನು ಅಲ್ಲಿಯವರೆಗೆ ಅಪ್ಪನಿಗೆ ಹಳ್ಳದ ವಿದ್ಯೆ ಗೊತ್ತು, ನನಗೆ ಗೊತ್ತಿಲ್ಲ ಎಂದುಕೊಂಡಿದ್ದೆ. ಆ ಮಾತು ಕೇಳಿದ ಮೇಲೆ ತಿಳಿಯಿತು. ವಿದ್ಯೆ ಇಬ್ಬರಲ್ಲೂ ಇತ್ತು. ಅಪ್ಪನಿಗೆ 2009ರಲ್ಲೂ ನೀರು ತಿಳಿಯುತ್ತಿತ್ತು. ಆ ಹೊತ್ತಿಗೆ ಹೇಳಿದವನು ಯಾರು ಎಂದು ನೋಡಿದರೇ ಹೊರತು ಏನು ಹೇಳಿದ ಎಂದು ನೋಡಲಿಲ್ಲ. ನಾನು ಮಾಡಿದ್ದೂ ಅದೇ.

ಇನ್ನು ನನ್ನ ವಿಷಯಕ್ಕೆ ಬಂದರೆ, ನನ್ನ ತಪ್ಪು ಇನ್ನೂ ದೊಡ್ಡದು. ಯಾಕೆಂದರೆ ನನಗೆ ಈ ಪಾಠ ಇದೇ ಶಾಲೆಯಲ್ಲಿ ಆಗಿತ್ತು. ಹಿರಿಯರಿಗೆ ನೆನಪಿರಬೇಕು, ಆಗ ನಮ್ಮ ಹಳ್ಳಕ್ಕೆ ಸೇತುವೆ ಇರಲಿಲ್ಲ. ಹಳ್ಳದ ಆಚೆಯ ದಡದಿಂದ ನಾವು ಇಪ್ಪತ್ತು ಇಪ್ಪತ್ತೈದು ಹುಡುಗರು ಬರುತ್ತಿದ್ದೆವು. ಗುಡ್ಡದ ಕಡೆ ಮೋಡ ಕಪ್ಪಾದರೆ ಸಾಕು, ಇಲ್ಲಿ ಬಿಸಿಲಿದ್ದರೂ, ನಮ್ಮ ಹೆಡ್ಮಾಸ್ತರು ವರಾಂಡಕ್ಕೆ ಬಂದು ತಾವೇ ಗಂಟೆ ಬಾರಿಸುತ್ತಿದ್ದರು. ಮೂರು ಏಟು, ಸ್ವಲ್ಪ ಬಿಟ್ಟು ಮತ್ತೆ ಮೂರು ಏಟು. "ಹಳ್ಳದ ಆಚಿ ಹುಡುಗರು ಏಳ್ರಿ" ಎಂದು ಅರ್ಥ. ಪರೀಕ್ಷೆ ನಡೆಯುತ್ತಿದ್ದರೂ ಕಳಿಸುತ್ತಿದ್ದರು. ನಾವು ಖುಷಿಯಿಂದ ಓಡುತ್ತಿದ್ದೆವು. ಎಷ್ಟೋ ಸಲ ಮಳೆ ಬರುತ್ತಲೇ ಇರಲಿಲ್ಲ. ಮರುದಿನ ಈಚೆ ದಡದ ಹುಡುಗರು, "ನಿಮಗ ಸುಮ್ಮನ ಸೂಟಿ ಸಿಕ್ತಲೇ" ಎಂದು ಹೊಟ್ಟೆಕಿಚ್ಚು ಪಡುತ್ತಿದ್ದರು. ಒಂದು ಸಲ ನಾನೇ ಧೈರ್ಯ ಮಾಡಿ, "ಸರ್, ಹೋದ ಸಲ ಮಳಿ ಬರಲೇ ಇಲ್ಲಲ್ರಿ" ಎಂದೆ. ಅವರು, "ಹತ್ತು ಸಲ ಸುಮ್ಮನ ಗಂಟಿ ಬಾರಿಸಿದ್ರ ನನಗ ಹತ್ತು ತಾಸು ಪಾಠ ಹೋಗತೈತಿ. ಒಂದು ಸಲ ಬಾರಿಸದಿದ್ರ?" ಎಂದು ಸುಮ್ಮನಾದರು.

ಇಂಜಿನಿಯರಿಂಗಿನಲ್ಲಿ ಅಪಾಯದ ಲೆಕ್ಕ ಎಂದು ಒಂದು ವಿಷಯ ಕಲಿಸುತ್ತಾರೆ. ಕೆಟ್ಟದ್ದು ಆಗುವ ಸಾಧ್ಯತೆ ಎಷ್ಟು ಎಂಬುದನ್ನು ಮಾತ್ರ ನೋಡಬಾರದು, ಆದರೆ ಎಷ್ಟು ಹಾನಿ ಎಂಬುದನ್ನೂ ನೋಡಬೇಕು. ಅಷ್ಟೆಲ್ಲ ಓದಿಯೂ ನಾನು ಝಯಾನಿನಲ್ಲಿ ಮೊದಲನೆಯದನ್ನು ಮಾತ್ರ ಲೆಕ್ಕ ಹಾಕಿದೆ. ನಮ್ಮ ಹೆಡ್ಮಾಸ್ತರು ಎರಡನ್ನೂ ಲೆಕ್ಕ ಹಾಕಿ ಗಂಟೆ ಬಾರಿಸುತ್ತಿದ್ದರು.

ಪ್ರವಾಸದ ಕೊನೆ ಗ್ರ್ಯಾಂಡ್ ಕ್ಯಾನಿಯನ್. ನಮಗೆ ಸಮಾಜ ಕಲಿಸಿದ ಗುರುಗಳು ಕೆಂಪು, ಹಳದಿ, ಬಿಳಿ ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ಪದರ ಪದರವಾಗಿ ಅದರ ಚಿತ್ರ ಬರೆದಿದ್ದರು. ಅವರು ಅದನ್ನು ಕಣ್ಣಾರೆ ನೋಡಿದವರಲ್ಲ. ಆದರೂ ಅಂಚಿನಲ್ಲಿ ನಿಂತಾಗ ನನಗೆ ಮೊದಲು ಕಂಡದ್ದು ಆ ಬೋರ್ಡು. ನದಿಯ ಉದ್ದಕ್ಕೆ ಅಳೆದರೆ ಆ ಕಣಿವೆ 277 ಮೈಲು, ಅಗಲ ಕೆಲವು ಕಡೆ 18 ಮೈಲು, ಆಳ ಒಂದು ಮೈಲು. ಮೇಲಿನ ಕಲ್ಲಿನ ಪದರಕ್ಕೆ ಸುಮಾರು 27 ಕೋಟಿ ವರ್ಷ, ತಳದ ಕಪ್ಪು ಕಲ್ಲಿಗೆ ಸುಮಾರು 170 ಕೋಟಿ ವರ್ಷ. ಆ ತಳದ ಕಲ್ಲಿನ ಹೆಸರು ಏನು ಗೊತ್ತೇ? ವಿಷ್ಣು ಶಿಲೆ. ಕಣಿವೆಯ ನಡುವಿನ ಶಿಖರಗಳಿಗೆ ವಿಷ್ಣು ದೇಗುಲ, ಶಿವ ದೇಗುಲ, ಬ್ರಹ್ಮ ದೇಗುಲ ಎಂಬ ಹೆಸರುಗಳಿವೆ. 1880ರ ದಶಕದಲ್ಲಿ ಅಲ್ಲಿ ಸಮೀಕ್ಷೆ ಮಾಡಿದ ಕ್ಲಾರೆನ್ಸ್ ಡಟನ್ ಎಂಬ ಭೂವಿಜ್ಞಾನಿಗೆ ಆ ಶಿಖರಗಳು ಪೂರ್ವದೇಶದ ಗುಡಿಗಳಂತೆ ಕಂಡು, ಹೀಗೆ ಹೆಸರಿಡುವ ರೂಢಿ ಬಂತು. ವಿಷಯ ಕೇಳಿದ್ದೇ ತಡ, ಅವ್ವ ಚಪ್ಪಲಿ ಬಿಟ್ಟು ಕೈಮುಗಿದಳು. ಪಕ್ಕದಲ್ಲಿದ್ದ ಒಬ್ಬ ಅಮೆರಿಕದ ಅಜ್ಜಿಯೂ ಏನೆಂದು ಕೇಳಿ ತಿಳಿದು ಕೈಮುಗಿದಳು.

ನನ್ನ ಪಟ್ಟಿಯಲ್ಲಿ ಬ್ರೈಟ್ ಏಂಜಲ್ ಎಂಬ ದಾರಿಯಲ್ಲಿ ಮೂರು ಮೈಲು ಕೆಳಗೆ ಇಳಿದು ಹತ್ತುವುದು ಎಂದಿತ್ತು. ನಮ್ಮ ಗುಡ್ಡಗಳಲ್ಲಿ ಮೊದಲು ಹತ್ತಿ, ದಣಿದ ಮೇಲೆ ಇಳಿಯುತ್ತೇವೆ. ಅಲ್ಲಿ ತಲೆಕೆಳಗು. ಉತ್ಸಾಹ ಇರುವಾಗ ಇಳಿಯುವುದು, ದಣಿದಾಗ ಹತ್ತುವುದು. ಇಳಿದಂತೆಲ್ಲ ಬಿಸಿಲು ಹೆಚ್ಚುತ್ತದೆ, ಹತ್ತಲು ಇಳಿದದ್ದಕ್ಕಿಂತ ಎರಡು ಪಟ್ಟು ಹೊತ್ತು ಬೇಕು. ಬೆವರಿನಲ್ಲಿ ಉಪ್ಪು ಹೋಗುವುದರಿಂದ ಬರೀ ನೀರು ಕುಡಿದರೆ ಸಾಲದು, ಜೊತೆಗೆ ಉಪ್ಪಿನ ತಿನಿಸು ಬೇಕೇ ಬೇಕು ಎಂದು ಫಲಕ ಹಾಕಿದ್ದಾರೆ. ಅವ್ವನ ಡಬ್ಬಿ ಬಿಚ್ಚಿದ್ದು ಆಗ. ಬೆಳಗಿನ ಆರು ಗಂಟೆಗೆ ಇಳಿಯಲು ಶುರು ಮಾಡಿ, ದಾರಿಯ ಎರಡನೇ ಸುರಂಗದ ಹತ್ತಿರ ಕುಳಿತು ರೊಟ್ಟಿ, ಚಟ್ನಿ, ಉಪ್ಪಿನಕಾಯಿ ತಿಂದೆವು. ಇನ್ನೂ ಒಂದು ಮೈಲೂ ಇಳಿದಿರಲಿಲ್ಲ. ಮುಂದಿನ ದಾರಿ ಕೆಂಪಗೆ ಸುತ್ತಿ ಸುತ್ತಿ ಇಳಿಯುತ್ತಿತ್ತು. ನನಗೆ ಹೋಗುವ ಆಸೆ ಬಹಳವಿತ್ತು. ಆದರೂ ಕೇಳಿದೆ: "ಅಪ್ಪಾ, ಹೊರಳೋಣೇನು?"

ಅಪ್ಪ, "ನನ್ನ ಯಾಕ ಕೇಳತಿ? ನಿಮ್ಮವ್ವನ ಮೊಣಕಾಲು ಕೇಳು" ಎಂದರು.

ಹೊರಳಿದೆವು. ಮೇಲೆ ಬರುವಾಗ ಮಗಳು ಅಜ್ಜಿಯ ಕೈ ಹಿಡಿದಿದ್ದಳು. ಪಟ್ಟಿಯ ಹಾಳೆ ನನ್ನ ಜೇಬಿನಲ್ಲೇ ಒದ್ದೆಯಾಗಿ ಹರಿದಿತ್ತು.

ಮಕ್ಕಳೇ, ಹಿರಿಯರೇ, ಈಗ ನಮ್ಮ ಹಳ್ಳಕ್ಕೆ ಸೇತುವೆ ಬಂದಿದೆ. ಬಹಳ ಸಂತೋಷ. ಆದರೆ ಮೊನ್ನೆ ಊರಿಗೆ ಬಂದಾಗ ಒಂದು ಮಾತು ಕೇಳಿದೆ. 2019ರ ಮಳೆಯಲ್ಲಿ ಸೇತುವೆಯ ಮೇಲೆ ನೀರು ಹರಿಯುತ್ತಿದ್ದಾಗಲೂ ಹುಡುಗರು ಬೈಕು ದಾಟಿಸಿದರಂತೆ. ದಯವಿಟ್ಟು ಒಂದು ಲೆಕ್ಕ ತಿಳಿದುಕೊಳ್ಳಿ. ರಭಸದ ನೀರು ಆರು ಇಂಚು ಇದ್ದರೂ ದೊಡ್ಡ ಮನುಷ್ಯನ ಕಾಲು ಕೀಳುತ್ತದೆ. ಒಂದು ಅಡಿ ನೀರು ಸಣ್ಣ ಕಾರನ್ನು ಒಯ್ಯುತ್ತದೆ. ಎರಡು ಅಡಿ ನೀರಿಗೆ ಹೆಚ್ಚಿನ ಗಾಡಿಗಳು ನಿಲ್ಲುವುದಿಲ್ಲ. ನೀರಿನ ಬಣ್ಣ ಬದಲಾದರೆ, ಕಸ ತೇಲಿ ಬಂದರೆ, ಮೇಲಿನಿಂದ ಸದ್ದು ಕೇಳಿದರೆ, ಯಾರನ್ನೂ ಕೇಳುತ್ತ ನಿಲ್ಲಬೇಡಿ, ಎತ್ತರಕ್ಕೆ ಹೋಗಿ. ಈ ಲೆಕ್ಕಕ್ಕೆ ಅಮೆರಿಕವೂ ಒಂದೇ, ನಮ್ಮ ಹಳ್ಳವೂ ಒಂದೇ.

ನಮ್ಮ ಬ್ಯಾಚಿನವರು ಸೇರಿ ಶಾಲೆಗೆ ಒಂದು ಮಳೆಮಾಪಕ ಮತ್ತು ಗೋಡೆಯ ಮೇಲೆ ಬರೆಯಲು ಒಂದು ದೊಡ್ಡ ಬೋರ್ಡು ಕೊಡುತ್ತಿದ್ದೇವೆ. ಒಂಬತ್ತನೇ ತರಗತಿಯ ಮಕ್ಕಳು ದಿನಾ ಬೆಳಿಗ್ಗೆ ಮಳೆ ಅಳೆದು ಬರೆಯಲಿ. ಇದೇನು ದೊಡ್ಡ ಕೊಡುಗೆಯಲ್ಲ. ಆದರೆ ಹತ್ತು ವರ್ಷ ಬರೆದರೆ ಈ ಊರಿನ ಮಳೆಯ ಲೆಕ್ಕ ಈ ಊರಿನವರ ಕೈಯಲ್ಲೇ ಇರುತ್ತದೆ.

ಇನ್ನೊಂದು ವಿನಂತಿ. ಹೊಸ ಕಟ್ಟಡಕ್ಕೆ ವಿದ್ಯುತ್ ಗಂಟೆ ಬಂದಿದೆ, ಹಳೆಯ ಕಬ್ಬಿಣದ ಗಂಟೆ ಸ್ಟೋರ್ ರೂಮಿನಲ್ಲಿದೆ ಎಂದು ಕೇಳಿದೆ. ಅದನ್ನು ಮತ್ತೆ ವರಾಂಡದಲ್ಲಿ ತೂಗುಹಾಕಿ. ಗುಡ್ಡದ ಕಡೆ ಮೋಡ ಕಪ್ಪಾದ ದಿನ ಮೂರು ಏಟು, ಸ್ವಲ್ಪ ಬಿಟ್ಟು ಮತ್ತೆ ಮೂರು ಏಟು ಬಾರಿಸಿ. ಮಳೆ ಬರದಿದ್ದರೆ ಒಂದು ತಾಸು ಪಾಠ ಹೋಗುತ್ತದೆ, ಅಷ್ಟೇ. ಆ ಗಂಟೆ ಕೇಳಿ ಓಡಿ ಮನೆ ಸೇರಿದ ಇಪ್ಪತ್ತೈದು ಹುಡುಗರಲ್ಲಿ ಒಬ್ಬ ಇವತ್ತು ನಿಮ್ಮ ಮುಂದೆ ನಿಂತಿದ್ದಾನೆ.

ಅಪ್ಪ ಕೈಸನ್ನೆ ಮಾಡುತ್ತಿದ್ದಾರೆ, ಉದ್ದವಾಯಿತು ಎಂದು. ಈ ಸಲ ಅವರ ಮಾತು ಕೇಳುತ್ತೇನೆ.